ಒತ್ತಿದರಷ್ಟೇ ರೂಪ ತಾಳುವ ಹಿಟ್ಟು

ಪಾತ್ರೆ ಅಂಗಡಿಯಲ್ಲಿ ಕುಕಿ ಪ್ರೆಸ್ ಕೇಳಿದವರಿಗೆ ಮೊದಲು ಸಿಗುವುದು ಬಿಲ್ಲೆಗಳ ಲೆಕ್ಕ. ಹೂವಿನದು, ಎಲೆಯದು, ಹೃದಯದ ಆಕಾರದ್ದು, ಕ್ರಿಸ್‌ಮಸ್ ಮರದ್ದು. ಬಿಲ್ಲೆ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಹಾಗಾಗಿ ಈ ಉಪಕರಣ ಇರುವುದೇ ಬಿಸ್ಕತ್ತಿಗೆ ಅಂದಚೆಂದ ಕೊಡಲಿಕ್ಕೆ ಎಂಬ ನಂಬಿಕೆ ಬೆಳೆದಿದೆ. ಅದರ ಚರಿತ್ರೆಯನ್ನು ಕೆದಕಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಕೊಳವೆಯಲ್ಲಿ ಹಿಟ್ಟು ತುಂಬಿ, ತಳದ ತೂತಿನಿಂದ ಹೊರಗೆ ದಬ್ಬುವ ಸಾಧನ ಬೇಕಾದದ್ದು ಕೈಗೆ ಬಗ್ಗದ ಹಿಟ್ಟಿಗೆ. ಬಹುಕಾಲ ಅದರ ಜಾಗ ಇದ್ದದ್ದು ಕುದಿಯುವ ನೀರಿನ ಹಂಡೆಯ ಪಕ್ಕ, ಕಾದ ಎಣ್ಣೆಯ ಬಾಣಲೆಯ ಪಕ್ಕ. ಓವನ್ನಿನ ಪಕ್ಕಕ್ಕೆ ಅದು ಬಂದದ್ದು ತೀರ ತಡವಾಗಿ. ನಮ್ಮ ಚಕ್ಕುಲಿ ಒರಳೂ ಜರ್ಮನರು ಕ್ರಿಸ್‌ಮಸ್‌ಗೆ ಬಿಸ್ಕತ್ತು ಒತ್ತುವ ಕೊಳವೆಯೂ ಒಂದೇ ಕಷ್ಟಕ್ಕೆ ಬೇರೆ ಬೇರೆ ಕಡೆ ಹೊಳೆದ ಒಂದೇ ಉಪಾಯ ಎಂಬುದು ನನ್ನ ವಾದ. ಈ ಮಾತು ಒಪ್ಪಿಗೆಯಾದರೆ ಪ್ರೆಸ್ ಕೊಳ್ಳುವಾಗ ಏನನ್ನು ನೋಡಬೇಕು ಎಂಬುದೂ ಬದಲಾಗುತ್ತದೆ.

ವಾದದ ಬುಡ ಇರುವುದು ಹಿಟ್ಟಿನ ಸ್ವಭಾವದಲ್ಲಿ. ಗೋಧಿ ಹಿಟ್ಟಿಗೆ ನೀರು ಸೇರಿಸಿ ನಾದಿದರೆ ಅದರೊಳಗಿನ ಪ್ರೋಟೀನುಗಳು ಕೂಡಿಕೊಂಡು ಗ್ಲುಟೆನ್ ಆಗುತ್ತವೆ. ಅದರಿಂದಾಗಿಯೇ ಕಣಕ ಎಳೆದರೆ ಹಿಗ್ಗುತ್ತದೆ, ಲಟ್ಟಿಸಿದರೆ ಹರಿಯದೆ ಹರಡುತ್ತದೆ, ಹೊಸೆದರೆ ಎಳೆಯಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆಯಲ್ಲಿ ಶಾವಿಗೆ ಹೊಸೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೀರು ಕೊರೆದ ಉದ್ದನೆಯ ಮಣೆಯನ್ನು ಎತ್ತರದಿಂದ ಇಳಿಜಾರಾಗಿ ಇಟ್ಟು, ಎಣ್ಣೆ ಸವರಿದ ಕಣಕವನ್ನು ಅಂಗೈಯಲ್ಲಿ ತೀಡುತ್ತ ಹೋದರೆ ಎಳೆ ಕೆಳಗಿಳಿಯುತ್ತದೆ. ಅದನ್ನು ಕೋಲಿನ ಮೇಲೆ ಹರವಿ ಒಣಗಿಸುತ್ತಾರೆ. ಅಲ್ಲಿ ಕೊಳವೆಯೂ ಬೇಡ, ತಿರುಪೂ ಬೇಡ. ಘಟ್ಟ ಇಳಿದು ಕರಾವಳಿಗೆ ಹೋದರೆ, ಮಲೆನಾಡಿನ ಹಲವು ಮನೆಗಳಲ್ಲೂ, ಶಾವಿಗೆಯೆಂದರೆ ಅಕ್ಕಿಯದು. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಅದನ್ನು ಎಷ್ಟು ನಾದಿದರೂ ಎಳೆದ ಕಡೆ ತುಂಡಾಗುತ್ತದೆ. ಆದ್ದರಿಂದ ರುಬ್ಬಿದ ಹಿಟ್ಟನ್ನು ಒಲೆಯ ಮೇಲೆ ತೊಳಸಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ತುಂಬಬೇಕು. ಮೂರು ಕಾಲಿನ ಮೇಲೆ ನಿಂತ ಆ ಒರಳಿನ ತಿರುಪನ್ನು ಒಬ್ಬರು ಮೇಲಿನಿಂದ ಬಲ ಹಾಕಿ ತಿರುಗಿಸಿದರೆ, ಕೆಳಗೆ ಇನ್ನೊಬ್ಬರು ತಟ್ಟೆಯನ್ನೋ ಬಾಳೆಲೆಯನ್ನೋ ಸುತ್ತಿಸುತ್ತ ಎಳೆಗಳನ್ನು ಹಿಡಿಯುತ್ತಾರೆ. ಉಂಡೆ ಆರಿತೋ, ತಿರುಪು ಅಲ್ಲಾಡುವುದಿಲ್ಲ. ಒಂದೇ ರಾಜ್ಯದಲ್ಲಿ ಒಂದೇ ಹೆಸರಿನ ತಿನಿಸಿಗೆ ಒಂದು ಕಡೆ ಕೈ ಸಾಕಾಯಿತು, ಇನ್ನೊಂದು ಕಡೆ ಯಂತ್ರ ಬೇಕಾಯಿತು. ಈ ವ್ಯತ್ಯಾಸಕ್ಕೆ ಧಾನ್ಯವನ್ನು ಬಿಟ್ಟು ಬೇರೆ ಕಾರಣ ನನಗೆ ಕಾಣುವುದಿಲ್ಲ.

ಇದೇ ವ್ಯತ್ಯಾಸ ಚೀನಾದಲ್ಲೂ ಇದೆ, ಅಲ್ಲಿ ಅದಕ್ಕೆ ಬರೆದಿಟ್ಟ ಸಾಕ್ಷ್ಯವೂ ಇದೆ. 6ನೇ ಶತಮಾನದಲ್ಲಿ ಜಿಯಾ ಸಿಷಿಯೆ ಬರೆದ ‘ಚೀಮಿನ್ ಯಾವೊಶು’ ಎಂಬ ಕೃಷಿ ಗ್ರಂಥ ಗೋಧಿ ಕಣಕವನ್ನು ಕೈಯಿಂದಲೇ ಎಳೆದು, ಒತ್ತಿ ತೆಳ್ಳಗೆ ಮಾಡುವ ಬಗೆಯನ್ನು ಹೇಳುತ್ತದೆ. ಪಿಷ್ಟದ ಹಿಟ್ಟಿನ ವಿಷಯಕ್ಕೆ ಬಂದಾಗ ಅದರ ವಿಧಾನವೇ ಬೇರೆ. ಎತ್ತಿನ ಕೊಂಬಿನ ತುಂಡಿಗೆ ಸಣ್ಣ ತೂತುಗಳನ್ನು ಕೊರೆದು, ಅದನ್ನು ರೇಷ್ಮೆ ಬಟ್ಟೆಗೆ ಹೊಲಿದು, ಹಿಟ್ಟು ತುಂಬಿ ಕುದಿನೀರಿನ ಮೇಲೆ ಹಿಂಡಬೇಕು. ಎಳೆ ಎಷ್ಟು ದಪ್ಪ ಬೇಕೋ ಅದಕ್ಕೆ ತಕ್ಕ ಕೊಂಬು. ಅದೇ ಗ್ರಂಥದಲ್ಲಿ ಜೇನು ಬೆರೆಸಿದ ಅಕ್ಕಿಹಿಟ್ಟನ್ನು ತೂತಿನ ಬಿದಿರು ಸೌಟಿನಿಂದ ಕಾದ ಕೊಬ್ಬಿಗೆ ಇಳಿಸುವ ತಿನಿಸೂ ಇದೆ. ಮುಂದೆ 1313ರ ವಾಂಗ್ ಝೆನ್‌ನ ಕೃಷಿ ಗ್ರಂಥದಲ್ಲಿ ಉತ್ತರದ ಗುಡ್ಡಗಾಡಿನ ಜನ ಬಕ್‌ವೀಟ್ ಹಿಟ್ಟಿನಿಂದ ಮಾಡುವ ಶಾವಿಗೆಯ ಪ್ರಸ್ತಾಪವಿದೆ. ಇಂದಿಗೂ ಅದನ್ನು ಸನ್ನೆಕೋಲಿನ ಒರಳಿನಲ್ಲಿ ನೇರವಾಗಿ ಕುದಿನೀರಿಗೆ ಒತ್ತುತ್ತಾರೆ. ಬಕ್‌ವೀಟ್‌ನಲ್ಲೂ ಗ್ಲುಟೆನ್ ಇಲ್ಲ. ಕೊಂಬಿನ ಆ ತುಂಡನ್ನು ನಾನು ಈ ಚರಿತ್ರೆಯ ಅತ್ಯಂತ ಮುಖ್ಯ ಸಾಕ್ಷ್ಯ ಎಂದು ಎಣಿಸುತ್ತೇನೆ. ತೂತಿನ ತಳ, ಹಿಟ್ಟಿನ ಚೀಲ, ಕೈಯ ಒತ್ತಡ: ಇಂದಿನ ಪ್ರೆಸ್ಸಿನ ಎಲ್ಲ ಅಂಗಗಳೂ ಅದರಲ್ಲಿವೆ.

ಇಲ್ಲಿ ಒಂದು ಆಕ್ಷೇಪ ನಮ್ಮ ನೆಲದಿಂದಲೇ ಏಳುತ್ತದೆ. ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಗಣೇಶ ಚೌತಿಯ ಹೊತ್ತಿಗೆ ಚಕ್ಕುಲಿ ಕಂಬಳ ನಡೆಯುತ್ತದೆ. ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿ, ಗಂಡಸರೂ ಸಾಲಾಗಿ ಕೂತು, ಒರಳಿಲ್ಲದೆ ಬರಿಗೈಯಲ್ಲೇ ಚಕ್ಕುಲಿ ಸುತ್ತುತ್ತಾರೆ. ಹಿಟ್ಟಿನ ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತಿರುಚುತ್ತ, ತಿರುಚಿದ್ದನ್ನು ಹಾಗೇ ಸುತ್ತು ಹಾಕುತ್ತ ಹೋಗುತ್ತಾರೆ. ತಮಿಳುನಾಡಿನ ಕೈಮುರುಕ್ಕು ಇದರ ಹತ್ತಿರದ ನೆಂಟ. ಅಕ್ಕಿಹಿಟ್ಟು ಕೈಗೆ ಬಗ್ಗುವುದಿಲ್ಲ ಎಂದ ಮೇಲೆ ಇದು ಹೇಗೆ ಸಾಧ್ಯ? ಆ ಕೆಲಸವನ್ನು ಹತ್ತಿರದಿಂದ ಗಮನಿಸಿದರೆ ಉತ್ತರ ಅಲ್ಲೇ ಸಿಗುತ್ತದೆ. ಅಕ್ಕಿಗೆ ಉದ್ದು ಸೇರುವುದು ಬರೀ ರುಚಿಗಲ್ಲ. ಉದ್ದಿನ ಅಂಟು ಹಿಟ್ಟನ್ನು ಹಿಡಿದಿಡುತ್ತದೆ. ಅಷ್ಟಾದರೂ ಎಳೆಯನ್ನು ಉದ್ದಕ್ಕೆ ಎಳೆಯಲಾಗದು. ಬೆರಳು ಒಂದು ಸಲಕ್ಕೆ ಅರ್ಧ ಅಂಗುಲದಷ್ಟು ಹಿಟ್ಟನ್ನು ಮಾತ್ರ ಒತ್ತಿ ತಿರುಚುತ್ತದೆ, ಮತ್ತೆ ಮುಂದಕ್ಕೆ ಸರಿಯುತ್ತದೆ. ಅಂದರೆ ಅಲ್ಲಿ ಎರಡು ಬೆರಳೇ ಒರಳು. ಇದಕ್ಕೆ ವರ್ಷಗಳ ರೂಢಿ ಬೇಕು, ಒಂದು ಮನೆಗೆ ಸಾಕಾಗುವಷ್ಟು ಮಾಡಲು ಹತ್ತಾರು ಕೈ ಬೇಕು. ಕಂಬಳದ ಪದ್ಧತಿಯೇ ಅದಕ್ಕೆ ಸಾಕ್ಷಿ. ಒರಳು ಬಂದ ಮನೆಯಲ್ಲಿ ಇಬ್ಬರು ಅದೇ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲರು. ಕೈಚಕ್ಕುಲಿಯ ನಯ ಒರಳಿನದಕ್ಕೆ ಇಲ್ಲ ಎಂಬುದು ನಿಜ, ಆ ಕಲೆ ಉಳಿಯಬೇಕು ಎಂಬುದೂ ನಿಜ. ಆದರೆ ನೂರಾರು ಸಾಧಾರಣ ಕೈಗಳಿಗೆ ಚಕ್ಕುಲಿಯನ್ನು ಎಟುಕಿಸಿದ್ದು ಒರಳೇ.

ಒರಳು ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಆತುರದ ಉತ್ತರ ಕೊಡುವವರು ಹೆಸರುಗಳನ್ನು ಮುಂದಿಡುತ್ತಾರೆ. ಶಷ್ಕುಲಿ ಎಂಬ ಕರಿದ ತಿನಿಸು ಹಳೆಯ ಸಂಸ್ಕೃತ ಗ್ರಂಥಗಳಲ್ಲಿದೆ, ಆದ್ದರಿಂದ ಚಕ್ಕುಲಿ ಒರಳೂ ಅಷ್ಟೇ ಹಳೆಯದು ಎಂಬ ತರ್ಕ ಅದು. ಈ ತರ್ಕವನ್ನು ನಾನು ಒಪ್ಪಲಾರೆ. ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ ಎಂದ ಮಾತ್ರಕ್ಕೆ ಇಂದಿನ ಇಡ್ಲಿ ಕುಕ್ಕರು ಆಗ ಇತ್ತು ಎಂದಾಗುವುದಿಲ್ಲ. ತಿನಿಸಿನ ಹೆಸರು ಮುಂದುವರಿಯುತ್ತದೆ, ಅದನ್ನು ಮಾಡುವ ಬಗೆ ನಡುವೆ ಎಷ್ಟೋ ಸಲ ಬದಲಾಗುತ್ತದೆ. ಕೈಚಕ್ಕುಲಿ ಇನ್ನೂ ಜೀವಂತವಾಗಿರುವಾಗ ಹೆಸರಿನಿಂದ ಒರಳಿನ ವಯಸ್ಸು ಹೇಳಲಾಗದು. ವಸ್ತುವಿನಿಂದ ಹೇಳಬಹುದಾದದ್ದು ಹೆಚ್ಚು ಗಟ್ಟಿ. ಎರಡು ಮರದ ತುಂಡುಗಳಲ್ಲಿ, ಒಂದಕ್ಕೆ ಗುಳಿ ತೋಡಿ ಇನ್ನೊಂದನ್ನು ಅದರೊಳಗೆ ಇಳಿಯುವಂತೆ ಕೆತ್ತಿದ ಒರಳನ್ನು ಊರಿನ ಬಡಗಿಯೇ ಮಾಡಬಲ್ಲ. ತಿರುಪಿನ ಹಿತ್ತಾಳೆ ಒರಳು ಹಾಗಲ್ಲ. ಅದಕ್ಕೆ ಎರಕದ ಕೆಲಸ ಬೇಕು, ಒಳಮೈ ನುಣ್ಣಗೆ ಕಡೆಯಬೇಕು, ತಿರುಪಿನ ಹಲ್ಲು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿರಬೇಕು. ನಾಗಮಂಗಲದಂಥ ಊರುಗಳಲ್ಲಿ ಹಿತ್ತಾಳೆ, ಕಂಚಿನ ಎರಕ ಹಿಂದಿನಿಂದ ನಡೆದು ಬಂದದ್ದೇ. ಆದರೆ ಲೋಹದ ತಿರುಪನ್ನು ಒಂದೇ ಅಳತೆಯಲ್ಲಿ ಸುಲಭವಾಗಿ ಕತ್ತರಿಸುವುದು ಸಾಧ್ಯವಾದದ್ದು ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೆ 1800ರ ಸುಮಾರಿಗೆ ರೂಪಿಸಿದ ಲೇತ್‌ನ ನಂತರ. ಆದ್ದರಿಂದ ಮರದ ಒರಳು ಹಳೆಯದಿರಬಹುದು, ತಿರುಪಿನ ಹಿತ್ತಾಳೆ ಒರಳು ಮನೆಮನೆಯ ಸಾಮಾನಾದದ್ದು ಈಚಿನ ಇನ್ನೂರು ವರ್ಷಗಳೊಳಗೆ ಎಂದು ನಾನು ತಿಳಿಯುತ್ತೇನೆ.

ಯುರೋಪಿನ ಕಡೆ ತಿರುಗೋಣ. ಪೋಪರ ಅಡುಗೆಮನೆಯ ಮುಖ್ಯಸ್ಥನಾಗಿದ್ದ ಬಾರ್ತೊಲೊಮೆಯೊ ಸ್ಕಾಪ್ಪಿಯ ‘ಓಪೆರಾ’ 1570ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಅದರಲ್ಲಿರುವ ಅಡುಗೆ ಸಾಮಾನುಗಳ ಚಿತ್ರಪಟಗಳಲ್ಲಿ ಹಿಟ್ಟು ಒತ್ತುವ ಪಿಚಕಾರಿಯೂ ಇದೆ. ಜರ್ಮನಿಯಲ್ಲಿ ಇಂಥ ಪಿಚಕಾರಿಯಿಂದ ಹೊರಟ ತಿನಿಸಿಗೆ ಸ್ಪ್ರಿಟ್ಸ್‌ಕೂಖೆನ್ ಎನ್ನುತ್ತಾರೆ. ಬಳೆಯಾಕಾರದಲ್ಲಿ ಒತ್ತಿ ಕಾದ ಕೊಬ್ಬಿನಲ್ಲಿ ಕರಿಯುವ ತಿನಿಸು. ಬರ್ಲಿನ್ ಬಳಿಯ ಎಬರ್ಸ್‌ವಾಲ್ಡೆಯಲ್ಲಿ ಗುಸ್ತಾವ್ ಲೂಯಿ ಝೀಟೆಮಾನ್ 1832ರಲ್ಲಿ ಅದನ್ನು ಮಾಡಿ ಮಾರತೊಡಗಿದ, 1842ರಲ್ಲಿ ರೈಲು ಬಂದಾಗ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಮಾರಿ ಹೆಸರು ಮಾಡಿದ. ಸ್ಪೇನಿನ ಚುರ್ರೊ ಕೂಡ ಕೊಳವೆಯಿಂದ ಒತ್ತಿ ಎಣ್ಣೆಗೆ ಬಿಡುವಂಥದ್ದೇ. ಯುರೋಪಿನವರದು ಗೋಧಿಯಲ್ಲವೇ, ಅದರಲ್ಲಿ ಗ್ಲುಟೆನ್ ಇದೆಯಲ್ಲ, ನಿಮ್ಮ ವಾದ ಅಲ್ಲಿಗೆ ಮುರಿಯಿತಲ್ಲ ಎನ್ನಬಹುದು. ಆದರೆ ಈ ಎರಡೂ ತಿನಿಸುಗಳ ಹಿಟ್ಟನ್ನು ಕಲಸುವ ಬಗೆ ನೋಡಿ. ಕುದಿಯುವ ನೀರಿಗೋ ಹಾಲಿಗೋ ಹಿಟ್ಟು ಸುರಿದು, ಮುದ್ದೆಯಾಗುವವರೆಗೆ ತೊಳಸುತ್ತಾರೆ. ಆ ಬಿಸಿಗೆ ಪಿಷ್ಟ ಬೆಂದು ಅಂಟಾಗುತ್ತದೆ, ಗ್ಲುಟೆನ್ ಬಲ ಕಳೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಅಕ್ಕಿಗೆ ಮಾಡುವುದನ್ನೇ ಅವರು ಗೋಧಿಗೆ ಮಾಡಿದರು. ಹಾಗೆ ಮಾಡಿದ ಮುದ್ದೆ ಲಟ್ಟಿಸಲು ಬಾರದು, ಎಳೆಯಲು ಬಾರದು, ಒತ್ತಬೇಕು. ನೇಪಲ್ಸಿನ ಮ್ಯಾಕರೋನಿ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಒಗ್ಗುವುದಿಲ್ಲ. ಗ್ಲುಟೆನ್ ಇರುವ ಗಟ್ಟಿ ಗೋಧಿಯ ಕಣಕವನ್ನೇ ಅಲ್ಲಿ ದೊಡ್ಡ ಯಂತ್ರಗಳಲ್ಲಿ ಒತ್ತಿದರು. ಅದು ಪೇಟೆಗೆ ರಾಶಿ ರಾಶಿ ಒದಗಿಸುವ ಕಾರ್ಖಾನೆಯ ಚರಿತ್ರೆ, ಮನೆಯ ಒರಳಿನದಲ್ಲ.

ಬಿಲ್ಲೆಗಳ ವಿಷಯದಲ್ಲೂ ಇದೇ ಮಾತು. ಚಕ್ಕುಲಿ, ಚುರ್ರೊ, ಸ್ಪ್ರಿಟ್ಸ್‌ಕೂಖೆನ್ ಮೂರಕ್ಕೂ ನಕ್ಷತ್ರದ ತೂತೇ ಏಕೆ? ದಪ್ಪನೆಯ ನುಣುಪು ಎಳೆಯನ್ನು ಕಾದ ಎಣ್ಣೆಗೆ ಬಿಟ್ಟರೆ ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ಹಬೆ ಸಿಕ್ಕಿಬೀಳುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಮುಳ್ಳುಮುಳ್ಳಾದ ಎಳೆಗೆ ಹೊರಮೈ ಹೆಚ್ಚು, ಒಳಗಿನ ತಿರುಳು ತೆಳ್ಳಗೆ. ಎಣ್ಣೆಯ ಕಾವು ಬೇಗ ಒಳಗೆ ಹೋಗುತ್ತದೆ, ಹಬೆ ಬೇಗ ಹೊರಬರುತ್ತದೆ, ಗರಿ ಹೆಚ್ಚುತ್ತದೆ. ತೇಂಗೊಳಲು, ಖಾರಾಸೇವೆ, ಓಮಪುಡಿ, ರಿಬ್ಬನ್ ಪಕೋಡಗಳ ಬಿಲ್ಲೆಗಳು ಬೇರೆಯಾದದ್ದೂ ಹೀಗೆ ಕರಿಯುವ ಲೆಕ್ಕದಿಂದ. ಎಳೆ ಸಣ್ಣದಾದಷ್ಟೂ ಮುಳ್ಳಿನ ಅಗತ್ಯ ಇಲ್ಲವಾಗಿ ಬರೀ ದುಂಡು ತೂತು ಸಾಕಾಗುತ್ತದೆ. ಬೆಣ್ಣೆ ಬಿಸ್ಕತ್ತಿನ ಮೇಲೆ ನಾವು ಅಲಂಕಾರವೆಂದು ಮೆಚ್ಚುವ ಆ ಗೀರುಗಳು ಮೊದಲು ಬಾಣಲೆಯಲ್ಲಿ ದುಡಿದವು ಎಂಬುದು ನನ್ನ ಅನುಮಾನ.

ಎಣ್ಣೆಯಿಂದ ಓವನ್ನಿಗೆ ಹಿಟ್ಟು ಸರಿದದ್ದು ಸಕ್ಕರೆ, ಬೆಣ್ಣೆ, ಒಲೆ ಮೂರೂ ಸಾಧಾರಣ ಮನೆಗೆ ನಿಲುಕಿದಾಗ. ಬೀಟ್ ಗಡ್ಡೆಯಲ್ಲಿ ಸಕ್ಕರೆ ಇದೆ ಎಂದು ಬರ್ಲಿನ್ನಿನ ಮಾರ್ಗ್‌ಗ್ರಾಫ್ 1747ರಲ್ಲಿ ತೋರಿಸಿದ. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಆಖಾರ್ಡ್ ಅದಕ್ಕೆ ಕಾರ್ಖಾನೆ ಕಟ್ಟಿದ. ಅದೇ ಶತಮಾನದಲ್ಲಿ ಎರಕದ ಕಬ್ಬಿಣದ ಒಲೆಗಳು ಬೇಯಿಸುವ ಗೂಡಿನ ಸಮೇತ ಮನೆಗಳನ್ನು ಹೊಕ್ಕವು. ಜರ್ಮನಿಯ ಸ್ಪ್ರಿಟ್ಸ್‌ಗೆಬೆಕ್, ಸ್ವೀಡನ್ನಿನ ಸ್ಪ್ರಿಟ್ಸ್, ಡೆನ್ಮಾರ್ಕಿನ ವೆನಿಲ್ಲಾ ಬಳೆಗಳು ಮನೆಯ ಕ್ರಿಸ್‌ಮಸ್ ತಿನಿಸುಗಳಾದವು. ಇವುಗಳ ಹಿಟ್ಟಿನಲ್ಲಿ ಬೆಣ್ಣೆ ಧಾರಾಳ. ಬೆಣ್ಣೆ ಹಿಟ್ಟಿನ ಕಣಗಳನ್ನು ಮುಚ್ಚಿ ನೀರು ತಾಗದಂತೆ ತಡೆಯುವುದರಿಂದ ಗ್ಲುಟೆನ್ ಕಟ್ಟುವುದೇ ಕಷ್ಟ. ಹೀಗೆ ಮೂರನೇ ದಾರಿಯಿಂದ ಮತ್ತದೇ ಬಗೆಯ ಹಿಟ್ಟು ತಯಾರಾಯಿತು: ಎಳೆದರೆ ಹರಿಯುವುದು, ಒತ್ತಿದರೆ ಹರಿದು ಬರುವುದು. ಬಟ್ಟೆಯ ಕೋನ್ ಕೇಕಿನ ಕ್ರೀಮಿಗೂ ಮೆದು ಹಿಟ್ಟಿಗೂ ಸಾಕಾಗುತ್ತದೆ. ಗಟ್ಟಿ ಹಿಟ್ಟಿಗೆ ಅದರ ಹೊಲಿಗೆ ಬಿಡುತ್ತದೆ, ಹಿಂಡುವ ಕೈ ಸೋಲುತ್ತದೆ. ಅದಕ್ಕೇ ಜರ್ಮನ್ ಮನೆಗಳಲ್ಲಿ ಮಾಂಸ ಕೊಚ್ಚುವ ಯಂತ್ರದ ಬಾಯಿಗೆ ಬಿಸ್ಕತ್ತಿನ ಪಟ್ಟಿ ಸಿಕ್ಕಿಸಿ ಒತ್ತುವ ರೂಢಿ ಈಗಲೂ ಇದೆ.

ಲೋಹದ ಬೆಲೆ ಇಳಿದ ಮೇಲೆ ಉಳಿದದ್ದೆಲ್ಲ ಬೇಗ ನಡೆಯಿತು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಬೇರೆ ಬೇರೆಯಾಗಿ ಕಂಡುಕೊಂಡ ವಿದ್ಯುತ್ ವಿಧಾನ ಅಲ್ಯುಮಿನಿಯಮ್ಮನ್ನು ಅಗ್ಗ ಮಾಡಿತು. ಜರ್ಮನ್ ಮತ್ತು ಸ್ಕ್ಯಾಂಡಿನೇವಿಯದ ವಲಸಿಗರು ತುಂಬಿದ್ದ ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್‌ನಲ್ಲಿ ಜೋಸೆಫ್ ಕೋನಿಗ್ 1895ರಲ್ಲಿ ಅಲ್ಯುಮಿನಿಯಂ ಸಣ್ಣ ಸಾಮಾನು ತಯಾರಿಸಲು ಶುರು ಮಾಡಿದ. 1909ರಲ್ಲಿ ಅಂಥ ಕಂಪನಿಗಳು ಕೂಡಿ ಮ್ಯಾನಿಟೊವಾಕ್‌ನಲ್ಲಿ ಅಲ್ಯುಮಿನಂ ಗೂಡ್ಸ್ ಕಂಪನಿ ಆಯಿತು. ಅದರ ಮಿರ್ರೋ ಹೆಸರಿನ ಕುಕಿ ಪ್ರೆಸ್ 20ನೇ ಶತಮಾನದ ಅಮೆರಿಕದ ಅಡುಗೆಮನೆಗಳಲ್ಲಿ ಮನೆಮಾತಾಯಿತು. ಇತ್ತ ಮದರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ 1898ರಲ್ಲಿ ಅಲ್ಯುಮಿನಿಯಂ ಪಾತ್ರೆಗಳ ತಯಾರಿ ಆರಂಭಿಸಿದರು, 1900ರಲ್ಲಿ ಅದಕ್ಕೊಂದು ಕಂಪನಿಯೂ ಹುಟ್ಟಿತು. ಅದೇ ಚಾಟರ್‌ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಅವರು ಚಕ್ಕುಲಿ ಒರಳು ಮಾಡಿಸಿದರು ಎಂದು ನಾನು ಹೇಳುತ್ತಿಲ್ಲ. ಹಿತ್ತಾಳೆ ಕೊಳ್ಳಲಾಗದ ಮನೆಗೂ ಲೋಹದ ಒರಳು ಬರಲು ಬೇಕಾದ ದಾರಿ ದಕ್ಷಿಣ ಭಾರತದಲ್ಲಿ ತೆರೆದದ್ದು ಆ ವರ್ಷಗಳಲ್ಲಿ.

ಇಷ್ಟು ಹೋಲಿಕೆ ಇದ್ದ ಮೇಲೆ ಒಬ್ಬರಿಂದ ಒಬ್ಬರು ಕಲಿತಿರಬೇಕು, ಪೋರ್ಚುಗೀಸರು ಗೋವೆಯ ಮೂಲಕ ಪಿಚಕಾರಿಯನ್ನು ತಂದಿರಬೇಕು ಎಂದು ವಾದಿಸಬಹುದು. ಮೆಣಸಿನಕಾಯಿ, ಗೋಡಂಬಿ ತಂದವರು ಇದನ್ನು ತಂದಿರಲಾರರೇಕೆ? ತರುವುದು ಅಸಾಧ್ಯ ಎನ್ನಲು ನನ್ನಲ್ಲಿ ಆಧಾರವಿಲ್ಲ, ಅಗತ್ಯವಿರಲಿಲ್ಲ ಎನ್ನಲು ಇದೆ. ಪೋರ್ಚುಗೀಸರು ಹಡಗು ಹತ್ತುವ ಸುಮಾರು ಸಾವಿರ ವರ್ಷಗಳ ಹಿಂದೆಯೇ ಚೀನಾದಲ್ಲಿ ಕೊಂಬಿನ ತೂತುಗಳಿಂದ ಹಿಟ್ಟು ಇಳಿಯುತ್ತಿತ್ತು. ಪಾವ್ ರೊಟ್ಟಿ ಗೋವೆಗೆ ಬಂದಾಗ ತನ್ನ ಗೋಧಿ ಹಿಟ್ಟು, ತನ್ನ ಗೂಡುಗಳ ಸಮೇತ ಬಂತು. ಒರಳು ಹಾಗೆ ಬಂದಿದ್ದರೆ ಮೊಟ್ಟೆ, ಸಕ್ಕರೆ ಬೆರೆತ ಹಿಟ್ಟು ಅದರ ಜೊತೆಗೆ ಕಾಣಬೇಕಿತ್ತು. ನಮ್ಮ ಒರಳಿನಲ್ಲಿರುವುದು ಅಕ್ಕಿ, ಉದ್ದು, ಕಡಲೆ. ಹಿಟ್ಟು ಊರಿನದೇ ಆಗಿರುವಾಗ ಒರಳನ್ನು ಹೊರಗಿನದು ಎನ್ನುವವರು ಸಾಕ್ಷ್ಯ ಕೊಡಬೇಕು.

ಕೊಳ್ಳುವ ಮಾತಿಗೆ ಬಂದರೆ, ಮೊದಲ ಪ್ರಶ್ನೆ ಯಾವ ಹಿಟ್ಟು ಎಂಬುದು. ಬೆಣ್ಣೆ ಬಿಸ್ಕತ್ತಿನ ಹಿಟ್ಟು ಮೆದು. ಅದಕ್ಕೆ ಗುಂಡಿ ಒತ್ತಿದಂತೆ ಅಳತೆಯ ತುಂಡು ಹೊರಬಿಡುವ ಪಿಸ್ತೂಲಿನಂಥ ಪ್ರೆಸ್ ಹೊಂದುತ್ತದೆ, ಒಂದೇ ಗಾತ್ರದ ಬಿಸ್ಕತ್ತುಗಳು ಒಟ್ಟಿಗೆ ಬೇಯುತ್ತವೆ. ಅದೇ ಪ್ರೆಸ್ಸಿಗೆ ಚಕ್ಕುಲಿ ಹಿಟ್ಟು ತುಂಬಿದರೆ ಒಳಗಿನ ಕಡ್ಡಿ ಬಾಗುತ್ತದೆ, ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಗಟ್ಟಿ ಹಿಟ್ಟಿಗೆ ತಿರುಪೇ ಬೇಕು. ಕೊಳವೆಯ ಅಗಲವನ್ನೂ ನೋಡಬೇಕು: ಅಗಲ ಎರಡರಷ್ಟಾದರೆ ಒತ್ತಬೇಕಾದ ಮೈ ನಾಲ್ಕರಷ್ಟಾಗುತ್ತದೆ, ಆದ್ದರಿಂದ ಒಮ್ಮೆಗೇ ಹೆಚ್ಚು ಹಿಟ್ಟು ಹಿಡಿಯಲಿ ಎಂದು ದೊಡ್ಡದನ್ನು ಕೊಂಡವರು ತೋಳು ನೋಯಿಸಿಕೊಳ್ಳುತ್ತಾರೆ. ಅಲ್ಯುಮಿನಿಯಂ ತಿರುಪು ಬೇಗ ಸವೆಯುತ್ತದೆ. ಹಿತ್ತಾಳೆಯೋ ಸ್ಟೀಲೋ ಬಾಳುತ್ತದೆ. ಬಳಸುವಾಗಲೂ ಹಿಟ್ಟಿನ ಮಾತೇ ಮುಖ್ಯ. ಬೆಣ್ಣೆ ಹಿಟ್ಟನ್ನು ಫ್ರಿಜ್ಜಿನಲ್ಲಿಡಬಾರದು, ಕರಗುವಷ್ಟು ಬಿಸಿಯಲ್ಲೂ ಇಡಬಾರದು. ತಣ್ಣಗಿನ ಬರಿಯ ತಟ್ಟೆಯ ಮೇಲೆ, ಬೆಣ್ಣೆ ಸವರದೆ, ಕಾಗದ ಹಾಸದೆ ಒತ್ತಬೇಕು. ಹಿಟ್ಟು ತಟ್ಟೆಗೆ ಅಂಟಿದರೆ ಮಾತ್ರ ಬಿಲ್ಲೆಯನ್ನು ಬಿಡುತ್ತದೆ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷದ ಆಚೀಚೆ ಸಾಕು, ಅಂಚು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಬೇಕು. ಗೋಡಂಬಿ ಚೂರು, ಚಾಕೊಲೇಟ್ ತುಣುಕು ತೂತನ್ನು ಕಟ್ಟುತ್ತವೆ. ಓಮಪುಡಿ ಮಾಡುವವರು ಓಮವನ್ನು ಅರೆದು ಸೋಸಿ ನೀರನ್ನು ಮಾತ್ರ ಹಿಟ್ಟಿಗೆ ಹಾಕುವುದು ಇದೇ ಕಾರಣಕ್ಕೆ.

ಇಪ್ಪತ್ತು ಬಿಲ್ಲೆಗಳಿಂದ ಮಕ್ಕಳಿಗೆ ಖುಷಿಯಾಗುತ್ತದಲ್ಲ ಎಂದರೆ, ಆಗಲಿ, ಅದು ಬೇಡವೆನ್ನುವುದಿಲ್ಲ. ಆದರೆ ಬೇಕಿಂಗ್ ಹೊಸದಾಗಿ ಹಿಡಿದವರು ಆ ಡಬ್ಬಿ ಕೊಳ್ಳುವ ಮೊದಲು ಅಟ್ಟದ ಮೇಲೆ ಹಳೆಯ ಹಿತ್ತಾಳೆ ಒರಳಿದೆಯೇ ನೋಡಿ. ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ನಕ್ಷತ್ರದ ಬಿಲ್ಲೆ ಹಾಕಿ ಬೆಣ್ಣೆ ಬಿಸ್ಕತ್ತಿನ ಹಿಟ್ಟು ಒತ್ತಿದರೆ ಚೆನ್ನಾಗಿಯೇ ಬರುತ್ತದೆ. ಬಿಲ್ಲೆ ಕಳೆದಿದ್ದರೆ ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಬಹುದು. ತಿರುಪು ಗಟ್ಟಿಯಾಗಿರುವ ಒರಳನ್ನು ದಯವಿಟ್ಟು ಗುಜರಿಯವರ ತೂಕಕ್ಕೆ ಹಾಕಬೇಡಿ.